ಹಠ ಯಾರದು? – ಕಾಸರಕೋಡು ಟೊಂಕದ ಪ್ರಶ್ನೆ

ನಮ್ಮ ಕಡೆಯ ವಿದ್ಯಾವಂತರಲ್ಲಿ ಒಂದು ಮಾತು ವಾಡಿಕೆಯಾಗಿದೆ. ಕರಾವಳಿಯಲ್ಲಿ ಬಂದರು ಕಟ್ಟುವುದಕ್ಕೆ ಮೀನುಗಾರರು ಅಡ್ಡಿಮಾಡಿದರೆಂಬ ಸುದ್ದಿ ಬಂದಾಗಲೆಲ್ಲ, “ಆ ಜನಕ್ಕೆ ಹಠ ಹೆಚ್ಚು, ನಾಡು ಮುಂದುವರಿಯುವುದು ಅವರಿಗೆ ಬೇಕಿಲ್ಲ” ಎಂದು ತೀರ್ಪು ಕೊಟ್ಟು ಪತ್ರಿಕೆಯನ್ನು ಮಡಿಸಿಡುತ್ತಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿರುವ ನಮಗೆ ಕಡಲು ಕಣ್ಣಿಗೆ ಕಾಣದು. ಕಾಣದ ವಸ್ತುವಿನ ಮೇಲೆ ತೀರ್ಪು ಕೊಡುವುದು ಬಹು ಸುಲಭ. ಆ ತೀರ್ಪು ತಪ್ಪೆಂದೂ, ಹಠವೆಂಬುದು ಇದ್ದರೆ ಅದು ಬೇರೆಯವರಲ್ಲಿದೆಯೆಂದೂ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಂಗತಿಯನ್ನು ಹೇಳುತ್ತೇವೆ. ಶರಾವತಿಯು ಕಡಲನ್ನು ಸೇರುವ ಅಳಿವೆಯ ಬಳಿ, ಹೊನ್ನಾವರ ಪಟ್ಟಣದ ಎದುರು ದಡದಲ್ಲಿ, ಕಾಸರಕೋಡು ಎಂಬ ಊರಿದೆ. ಅದರ ಟೊಂಕವೆಂಬ ಭಾಗವು ಮರಳಿನ ದಿಣ್ಣೆಯ ಮೇಲಿನ ಮೀನುಗಾರರ ನೆಲೆ. ಅಲ್ಲಿ ಗಂಡಸರು ದೋಣಿ ಹಾಕುತ್ತಾರೆ. ಹೆಂಗಸರು ಮೀನನ್ನು ಮರಳಿನ ಮೇಲೆ ಹರವಿ ಒಣಗಿಸಿ ಮಾರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯಕೂಡದೆಂಬ ಕಟ್ಟಳೆ ಇರುವುದಷ್ಟೆ. ಆ ಮಳೆಯ ದಿನಗಳಲ್ಲಿ ಮನೆಯ ಒಲೆ ಉರಿಯಬೇಕಾದರೆ ಬೇಸಗೆಯಲ್ಲಿ ಒಣಗಿಸಿಟ್ಟ ಮೀನೇ ಗತಿ. ಆದುದರಿಂದ ಆ ಮರಳ ದಡವು ನೋಡುವವರಿಗೆ ಬಯಲಾದರೂ ಅವರ ಪಾಲಿಗೆ ಕಣವೂ ಹೌದು, ಕಣಜವೂ ಹೌದು. ರೈತನ ಕಣದಲ್ಲಿ ತೆನೆ ಇಲ್ಲದ ತಿಂಗಳನ್ನು ನೋಡಿ “ಈ ಜಾಗ ಖಾಲಿ ಬಿದ್ದಿದೆ” ಎನ್ನುವವನನ್ನು ನಾವು ಏನೆಂದು ಕರೆಯುತ್ತೇವೆಯೋ, ಟೊಂಕದ ಮರಳನ್ನು ಖಾಲಿ ಜಾಗವೆನ್ನುವವನನ್ನೂ ಹಾಗೆಯೇ ಕರೆಯತಕ್ಕದ್ದು.

ಈ ದಡದಲ್ಲಿ ಸುಮಾರು 44 ಹೆಕ್ಟೇರು ನೆಲವನ್ನು 2010ರಲ್ಲಿ ಸರ್ಕಾರದವರು ಖಾಸಗಿ ಬಂದರೊಂದಕ್ಕೆಂದು ಒಂದು ಕಂಪೆನಿಗೆ ಗುತ್ತಿಗೆಯಾಗಿ ಕೊಟ್ಟರು. ಅಲ್ಲಿಂದ ಈಚೆಗೆ ಆ ಊರಿಗೆ ನೆಮ್ಮದಿ ಇಲ್ಲ. ಬಂದರಿಗೆ ದಾರಿಮಾಡುವ ಕೆಲಸ ಬಂದಾಗಲೆಲ್ಲ ಪೋಲೀಸರೂ ಬಂದರು. ಮೀನು ಮಾರುವವರ ಸಂಘದವರು ಹೈಕೋರ್ಟಿನ ಮೆಟ್ಟಲನ್ನೂ ಏರಿದರು. 2024ರ ಜನವರಿಯಲ್ಲಿ ದಾರಿಯ ಕೆಲಸವನ್ನು ತಡೆಯಹೋದವರಲ್ಲಿ ಹೆಂಗಸರೂ ಬಂಧನಕ್ಕೊಳಗಾದರು. 2025ರ ಫೆಬ್ರವರಿಯಲ್ಲಿ ಜಿಲ್ಲಾಡಳಿತದವರು ಅಲ್ಲಿ ನಿಷೇಧಾಜ್ಞೆಯನ್ನು ಹೊರಡಿಸಿ ಅಳತೆಗೆ ತೊಡಗಿದಾಗ, ನೆಲದ ಮೇಲೆ ಕೂಡುವುದಕ್ಕೆ ಅಪ್ಪಣೆಯಿಲ್ಲದ ಜನ ಕಡಲಿನೊಳಕ್ಕೇ ಇಳಿದು ನಿಂತರು. ತಮ್ಮೂರಿನಲ್ಲಿ ನಿಂತು ಮಾತನಾಡಲು ನೀರಲ್ಲದೆ ಬೇರೆ ಎಡೆ ಸಿಕ್ಕದ ಜನವನ್ನು ಹಠಮಾರಿಗಳೆಂದು ಕರೆಯುವ ಮುಂಚೆ ಓದುಗರು ಒಂದು ಗಳಿಗೆ ಯೋಚಿಸಬೇಕು.

ಬಂದರಿನ ಪಕ್ಷದವರು ಹೇಳುವ ವಾದಗಳನ್ನು ನಾವು ಅಲ್ಲಗಳೆದು ಓಡುವುದಿಲ್ಲ, ಒಂದೊಂದನ್ನಾಗಿ ಪರಿಶೀಲಿಸೋಣ.

ಮೊದಲನೆಯ ವಾದ: ನಾಡಿಗೆ ಬಂದರುಗಳು ಬೇಕು. ಇದು ನಿಜ. ಸುಮಾರು 300 ಕಿಲೋಮೀಟರು ಕಡಲ ಕರೆಯುಳ್ಳ ನಮ್ಮ ರಾಜ್ಯದಲ್ಲಿ 1974ರಲ್ಲಿ ಮಹಾಬಂದರೆಂದು ಘೋಷಿತವಾದ ನವಮಂಗಳೂರೊಂದೇ ಆ ಅಂತಸ್ತಿನದು. ಹೊನ್ನಾವರವಂತೂ ಹಳೆಯ ರೇವು. 14ನೆಯ ಶತಮಾನದಲ್ಲಿ ಇಬ್ನ್ ಬತೂತನು ಕಂಡು ಬರೆದ ಊರು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿ ಮೆಣಸು ಹಡಗೇರಿದ ಸೀಮೆ. ಆದರೆ ಆ ಹಳೆಯ ರೇವು ಮೀನುಗಾರನ ದೋಣಿಯ ಪಕ್ಕದಲ್ಲಿ ಬಾಳಿತು. ಈ ಹೊಸದು ಅವನನ್ನು ಎಬ್ಬಿಸಿ ಕೂಡಬೇಕೆನ್ನುತ್ತದೆ. “ಬಂದರು ಬೇಕು” ಎಂಬ ಮಾತಿನಿಂದ “ಈ ದಡದಲ್ಲಿಯೇ, ಈ ಜನದ ಮೇಲೆಯೇ ಬೇಕು” ಎಂಬುದು ಸಿದ್ಧಿಸುವುದಿಲ್ಲ. ಊರಿಗೆ ಶಾಲೆ ಬೇಕೆಂದು ನಿಮ್ಮ ಅಡಿಗೆಯ ಮನೆಯನ್ನು ಕೇಳಿದರೆ, ಬೇಡವೆನ್ನುವ ನೀವು ವಿದ್ಯಾವಿರೋಧಿಗಳಾಗುವಿರೋ?

ಬಂದರಿನಿಂದ ಯಾರಿಗೆ ಲಾಭವೆಂಬುದನ್ನೂ ಕೇಳದೆ ಇರುವ ಹಾಗಿಲ್ಲ. ಅಂಕೋಲೆಯ ಬೇಲೇಕೇರಿಯ ಬಂದರನ್ನು ನೆನೆಯಿರಿ. ಜಗಳೂರಿನ ನೆರೆಯ ಬಳ್ಳಾರಿ ಸೀಮೆಯ ಗುಡ್ಡಗಳನ್ನು ಅಗೆದ ಅದಿರು ಅಲ್ಲಿಗೆ ಹೋಯಿತು. 2010ರಲ್ಲಿ ಅಧಿಕಾರಿಗಳು ಜಪ್ತಿಮಾಡಿದ್ದ ಲಕ್ಷಾಂತರ ಟನ್ನು ಅದಿರು ಆ ಬಂದರಿನಿಂದಲೇ ಮಾಯವಾಯಿತು. 2011ರಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯನ್ನು ಕುರಿತು ಕೊಟ್ಟ ವರದಿಯನ್ನು ನಾಡೆಲ್ಲ ಬಲ್ಲದು. ಬಂದರು ತಾನಾಗಿ ಅಭಿವೃದ್ಧಿಯಲ್ಲ; ಅದೊಂದು ಬಾಗಿಲು. ಬಾಗಿಲಿನಿಂದ ಏನು ಹೊರಕ್ಕೆ ಹೋಗುತ್ತದೆ, ಏನು ಒಳಕ್ಕೆ ಬರುತ್ತದೆ, ಕಾವಲುಗಾರನು ಯಾರು ಎಂಬುದನ್ನು ಕೇಳುವ ಹಕ್ಕು ಮನೆಯವರಿಗಿದೆ.

ಎರಡನೆಯ ವಾದ: ಎಲ್ಲವೂ ಕಾನೂನಿನಂತೆ ನಡೆದಿದೆ, ಅನುಮತಿಗಳಿವೆ, ಜನರ ಅಹವಾಲು ಕೇಳುವ ಕ್ರಮವಿದೆ. ಈ ಕ್ರಮದ ಸ್ವರೂಪವನ್ನು ನೋಡೋಣ. 2006ರ ಪರಿಸರ ಪರಿಣಾಮದ ಅಧಿಸೂಚನೆಯಂತೆ ಸಾರ್ವಜನಿಕ ವಿಚಾರಣೆ ನಡೆಯಬೇಕು. ಜನ ಹೇಳಿದುದನ್ನು ಬರೆದುಕೊಳ್ಳುತ್ತಾರೆ. ಬರೆದುದನ್ನು ಮೇಲಕ್ಕೆ ಕಳುಹಿಸುತ್ತಾರೆ. ಬೇಡವೆಂಬ ಮಾತಿಗೆ ಅಲ್ಲಿ ದಾಖಲೆಯಾಗುವ ಯೋಗ್ಯತೆಯುಂಟು, ತಡೆಯುವ ಶಕ್ತಿಯಿಲ್ಲ. ಟೊಂಕಕ್ಕೆ ಉತ್ತರದಲ್ಲಿರುವ ಅಂಕೋಲೆಯ ಕೇಣಿಯಲ್ಲಿ ನಡೆದುದನ್ನು ನೋಡಿ. ಅಲ್ಲಿ 4,119 ಕೋಟಿ ರೂಪಾಯಿಗಳ ಬಂದರನ್ನು ಕಟ್ಟಲು ಜೆಎಸ್‌ಡಬ್ಲ್ಯು ಸಂಸ್ಥೆಗೆ ಕರ್ನಾಟಕ ಮಾರಿಟೈಮ್ ಬೋರ್ಡಿನವರು ಒಪ್ಪಿಗೆಯ ಪತ್ರ ಕೊಟ್ಟುದು 2023ರ ನವೆಂಬರಿನಲ್ಲಿ. ಸಾರ್ವಜನಿಕ ವಿಚಾರಣೆ ನಡೆದುದು 2025ರ ಆಗಸ್ಟಿನಲ್ಲಿ. ಲಗ್ನಪತ್ರಿಕೆ ಬರೆದು, ಚಪ್ಪರ ಹಾಕಿಸಿದ ಮೇಲೆ ಹೆಣ್ಣಿನ ಒಪ್ಪಿಗೆಯನ್ನು ಕೇಳುವುದು ಎಂಥ ಕೇಳಿಕೆ? ಆ ವಿಚಾರಣೆಗೆ ಬಂದ ಜನಸ್ತೋಮ ಬೇಡವೆಂದೇ ಹೇಳಿತು. ಮೊದಲೇ ನಿಶ್ಚಯಮಾಡಿಕೊಂಡು ಆಮೇಲೆ ಕೇಳುವವರದು ಹಠವೋ, ಕೇಳಿದಾಗ ಉತ್ತರ ಹೇಳಿದವರದು ಹಠವೋ?

ನಮ್ಮ ಸಂವಿಧಾನಕ್ಕೆ ಮಾಡಿದ 73ನೆಯ ತಿದ್ದುಪಡಿಯು ಪಂಚಾಯತಿಗಳಿಗೆ ಒಪ್ಪಿಸಬಹುದಾದ ವಿಷಯಗಳ ಪಟ್ಟಿಯೊಂದನ್ನು ಕೊಟ್ಟಿದೆ. ಅದರಲ್ಲಿ ಮೀನುಗಾರಿಕೆಯನ್ನು ಹೆಸರಿಸಿದೆ. ಮೀನುಗಾರಿಕೆ ಗ್ರಾಮದ ವಿಷಯವಂತೆ. ಮೀನುಗಾರನ ದಡ ಮಾತ್ರ ರಾಜಧಾನಿಯ ವಿಷಯವಂತೆ! ಕಡಲ ಕರೆಯ ನಿಯಂತ್ರಣಕ್ಕೆಂದು 1991ರಲ್ಲಿ ಬಂದು, 2011ರಲ್ಲಿಯೂ 2019ರಲ್ಲಿಯೂ ಹೊಸದಾದ ಅಧಿಸೂಚನೆಗಳಿವೆ. ಮೀನುಗಾರರ ಮುಂದಿನ ಕಾಲದ ವಸತಿಗೆ ಬೇಕಾಗುವ ನೆಲವನ್ನು ನಕ್ಷೆಯಲ್ಲಿ ಗುರುತಿಸಬೇಕೆಂದು 2011ರ ಅಧಿಸೂಚನೆಯೇ ಹೇಳುತ್ತದೆ. ಕಾನೂನಿನ ಹೆಸರು ಹೇಳುವವರು ಕಾನೂನನ್ನು ಪೂರ್ತಿಯಾಗಿ ಓದಬೇಕು.

ಮೂರನೆಯ ವಾದ: ನೆಲೆ ಕಳೆದುಕೊಂಡವರಿಗೆ ಪರಿಹಾರ ಸಿಕ್ಕುತ್ತದೆ. ಈ ಮಾತನ್ನು ನಂಬುವವರು ಎರಡು ಚರಿತ್ರೆಗಳನ್ನು ತಿಳಿಯಬೇಕು. ಕಾರವಾರದ ದಕ್ಷಿಣದಲ್ಲಿ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ದೇಶರಕ್ಷಣೆಯ ಹೆಸರಿನಲ್ಲಿ 4 ಸಾವಿರದಷ್ಟು ಕುಟುಂಬಗಳು ಮನೆ, ಗದ್ದೆ, ದಡಗಳನ್ನು ಬಿಟ್ಟುಕೊಟ್ಟುವು. 2005ರಲ್ಲಿ ನೆಲೆ ಸಿದ್ಧವಾಯಿತು. ಪರಿಹಾರದ ವ್ಯಾಜ್ಯಗಳು ಅದಾದ ಮೇಲೆಯೂ ನ್ಯಾಯಾಲಯಗಳಲ್ಲಿ ಅಲೆದುವು. ಹೀಗಿರುವಾಗ 2020ರ ಜನವರಿಯಲ್ಲಿ ಕಾರವಾರದ ಬಂದರನ್ನು ರವೀಂದ್ರನಾಥ ಟಾಗೋರರ ಹೆಸರಿನ ಕಡಲ ಕರೆಯ ಕಡೆಗೆ ಬೆಳಸಹೊರಟಾಗ ಊರಿಗೆ ಊರೇ ಬೀದಿಗಿಳಿಯಿತೆಂದರೆ ಆಶ್ಚರ್ಯವೇನು? ತಾರುಣ್ಯದಲ್ಲಿ ಆ ಕವಿ ಬಂದಿದ್ದು ಮನಸೋತ ದಡ ಅದು. ಉಳಿದ ದಡಗಳನ್ನು ನಾಡಿಗೆ ಕೊಟ್ಟವರಿಗೆ ಕೈಯಲ್ಲಿ ಉಳಿದಿದ್ದುದು ಅದೇ.

ಎರಡನೆಯ ಚರಿತ್ರೆ ನಮ್ಮ ಮನೆಯ ಬಾಗಿಲಿನದೇ. ಇದೇ ಶರಾವತಿಯ ಮೇಲ್ದಂಡೆಯಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆಗ ನಮ್ಮ ಚನ್ನಗಿರಿಯೂ ಹೊನ್ನಾಳಿಯೂ ಶಿವಮೊಗ್ಗೆ ಜಿಲ್ಲೆಯವೇ. ದಾವಣಗೆರೆ ಜಿಲ್ಲೆಯಾದುದು 1997ರಲ್ಲಿ. ನಮ್ಮದೇ ಜಿಲ್ಲೆಯ ಜನ ಊರು, ತೋಟ, ದೇವಸ್ಥಾನಗಳನ್ನು ನೀರಿಗೆ ಬಿಟ್ಟು ನಾಡಿಗೆ ಬೆಳಕು ಕೊಟ್ಟರು. ತಮ್ಮ ಪಾಲಿಗೆ ಬಂದ ನೆಲದ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳ ಕಾಲದಲ್ಲಿಯೂ ಕಚೇರಿಗಳನ್ನು ಸುತ್ತಬೇಕಾಯಿತು. ನಾ. ಡಿಸೋಜರು ‘ಮುಳುಗಡೆ’ಯನ್ನು ಬರೆದುದು ಈ ಸಂಕಟವನ್ನು ಕುರಿತೇ. ಆ ಕಾದಂಬರಿಯನ್ನು ಓದಿ ನಿಟ್ಟುಸಿರುಬಿಟ್ಟ ಸಾಹಿತ್ಯಪ್ರಿಯರು, ಅದೇ ಹೊಳೆಯ ಇನ್ನೊಂದು ತುದಿಯವರು “ನಮ್ಮನ್ನೂ ಆ ಗತಿಗೆ ತರಬೇಡಿರಿ” ಎಂದಾಗ ಕಿವಿ ಮುಚ್ಚಿಕೊಳ್ಳುವುದು ಯಾವ ರಸಿಕತೆ?

ನಾಲ್ಕನೆಯ ವಾದ: ಇವರಿಗೆ ಯಾರೋ ಚುಚ್ಚಿಕೊಡುತ್ತಾರೆ, ತಾವಾಗಿ ಇಷ್ಟು ತಿಳಿದವರಲ್ಲ. ಇದು ವಾದವಲ್ಲ, ತಿರಸ್ಕಾರ. ಅಳಿವೆಯ ಮರಳು ಯಾವ ತಿಂಗಳಲ್ಲಿ ಎತ್ತ ಸರಿಯುವುದೆಂದು ತಿಳಿಯದವನು ದೋಣಿಯನ್ನು ಒಂದು ದಿನವೂ ದಡಕ್ಕೆ ತರಲಾರನು. ಅಲೆತಡೆಗಳನ್ನು ಕಟ್ಟಿದರೆ ಒಂದು ಮಗ್ಗುಲಲ್ಲಿ ಮರಳು ಗುಡ್ಡೆಯಾಗಿ ಇನ್ನೊಂದು ಮಗ್ಗುಲಲ್ಲಿ ಕಡಲು ಕೊರೆಯುವುದೆಂಬುದು ಶಾಸ್ತ್ರಜ್ಞರ ಗ್ರಂಥಗಳಲ್ಲಿಯೂ ಇದೆ, ಮೀನುಗಾರನ ಅನುಭವದಲ್ಲಿಯೂ ಇದೆ. ಮೇಲಣ ಅಣೆಕಟ್ಟು ಹೊಳೆಯ ಹೂಳನ್ನು ಹಿಡಿದಿಟ್ಟಿರುವಾಗ ಕೆಳಗಿನ ದಡಕ್ಕೆ ಬರುವ ಮರಳೇ ಕಡಮೆ. ಅದರ ಮೇಲೆ ಕಲ್ಲಿನ ಗೋಡೆಯೂ ಬಂದರೆ ಗತಿಯೇನು?

ಹಿಂದಿನ ಒಂದು ದೃಷ್ಟಾಂತ ಇದಕ್ಕೆ ಸಾಕು. ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿ, ತದಡಿಯಲ್ಲಿ, ಶಾಖವಿದ್ಯುತ್ತಿನ ಸ್ಥಾವರವೊಂದನ್ನು ತರುವ ಆಲೋಚನೆ ಬಂದಾಗ ಸುತ್ತಣ ಜನ ವಿರೋಧಿಸಿದರು. ಆಗಲೂ ಅವರನ್ನು ಅಭಿವೃದ್ಧಿಯ ಶತ್ರುಗಳೆಂದರು. ಸ್ಥಾವರ ಬರಲಿಲ್ಲ, ಅಳಿವೆ ಉಳಿಯಿತು; 2024ರ ಜನವರಿಯಲ್ಲಿ ಅದೇ ಅಳಿವೆ ಜಗತ್ತಿನ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಅಂದು ಹಠವೆನಿಸಿದುದು ಇಂದು ನಾಡಿನ ಕೀರ್ತಿಯಾಗಿದೆ. ಟೊಂಕದ ವಿಷಯದಲ್ಲಿಯೂ ಇಂಥದೇ ವಿನೋದವೊಂದಿದೆ. ಕಾಸರಕೋಡಿನ ಕಡಲ ಕರೆಗೆ 2020ರಲ್ಲಿ ಶುಚಿತ್ವಕ್ಕಾಗಿ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ದೊರೆಯಿತು. ಅದೇ ಊರಿನ ಟೊಂಕದ ಮರಳಿನಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ರಕ್ಷಣೆ ಪಡೆದ ಆಲಿವ್ ರಿಡ್ಲೆ ಆಮೆಗಳು ಬಂದು ಮೊಟ್ಟೆಯಿಡುತ್ತವೆ. ಊರಿನ ಒಂದು ಕೊನೆಯಲ್ಲಿ ಬಾವುಟ ಏರಿಸಿ, ಇನ್ನೊಂದು ಕೊನೆಯಲ್ಲಿ ಸರಕಿನ ದಾರಿಯನ್ನು ಎಳೆಯುವ ಈ ಬುದ್ಧಿಗೆ ಒಂದು ತಲೆಯೋ ಎರಡೋ?

ಇನ್ನು “ನಮಗೇಕೆ?” ಎಂಬ ಪ್ರಶ್ನೆ. ನಮ್ಮ ಸೂಳೆಕೆರೆಯನ್ನು ನೋಡಿ. ಹರಿದ್ರೆಯ ಕಣಿವೆಗೆ ಅಡ್ಡಲಾಗಿ ಶತಮಾನಗಳ ಹಿಂದೆ ಕಟ್ಟಿದ ಏರಿ ಇಂದಿಗೂ ಚನ್ನಗಿರಿಯ ಸೀಮೆಗೆ ನೀರುಣಿಸುತ್ತಿದೆ. ನಾಳೆ ಯಾರಾದರೂ ಅದರ ಅಂಚಿನ ನೂರು ಎಕರೆಯನ್ನು ಯಾವುದೋ ಸ್ಥಾವರಕ್ಕೆ ಬರೆದುಕೊಟ್ಟು, ಆಮೇಲೆ ನಿಷೇಧಾಜ್ಞೆಯೊಡನೆ ಅಳತೆಗೆ ಬಂದರೆ ನಾವು ಸುಮ್ಮನಿರುವೆವೋ? ಹೊನ್ನಾಳಿಯಲ್ಲಿ ತುಂಗಭದ್ರೆಯ ಮರಳನ್ನು ಹೊತ್ತುಕೊಂಡು ಹೋಗುವವರು ಯಾರ ಅಪ್ಪಣೆಯನ್ನು ಕೇಳುತ್ತಾರೆ? ಇದಕ್ಕೆ ಪ್ರತಿಯಾಗಿ ಜಗಳೂರನ್ನು ನೋಡಿ. ಬರದಲ್ಲಿ ಬೆಂದ ಆ ಜನ ತುಂಗಭದ್ರೆಯಿಂದ ಕೆರೆಗಳಿಗೆ ನೀರು ಬೇಕೆಂದು ತಾವೇ ಕೇಳಿದರು. 57 ಕೆರೆಗಳನ್ನು ತುಂಬಿಸುವ ಯೋಜನೆ ಆ ಬೇಡಿಕೆಯಿಂದ ಹುಟ್ಟಿತು. ಅಭಿವೃದ್ಧಿಯೆಂದರೆ ಇದು: ಜನ ಕೇಳಿದುದು, ಜನರ ಕಡೆಗೆ ಹರಿದುದು. ಟೊಂಕದವರು ಬಂದರನ್ನು ಕೇಳಲಿಲ್ಲ. ಕೇಳಿದವರಿಗೆ ಕೊಡುವುದಕ್ಕೆ ವರ್ಷಗಳನ್ನು ಎಣಿಸುವ ಆಡಳಿತವು ಬೇಡವೆಂದವರಿಗೆ ಕೊಡುವುದಕ್ಕೆ ಪೋಲೀಸರನ್ನು ಕರೆದುಕೊಂಡು ಓಡುತ್ತದೆ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಜನರನ್ನು ಕೇಳುವುದು ಒಪ್ಪಂದಕ್ಕೆ ಮುಂಚೆ ಆಗಬೇಕು. ಕರೆಯ ಊರಿನ ಗ್ರಾಮಸಭೆಯ ತೀರ್ಮಾನಕ್ಕೆ ದಾಖಲೆಯ ಬೆಲೆಯಲ್ಲದೆ ನಿರ್ಣಯದ ಬೆಲೆಯೂ ಬರಬೇಕು. ಮೀನುಗಾರರ ವಾಸದ ಮತ್ತು ಒಣಗುಹಾಕುವ ನೆಲವನ್ನು ಮೊದಲು ನಕ್ಷೆಯಲ್ಲಿ ಗುರುತಿಸಿ, ಹಕ್ಕುಪತ್ರ ಕೊಟ್ಟು, ಆಮೇಲೆ ಬೇರೆ ಮಾತು. ಹೆಂಗಸರ ಮೇಲೆಯೂ ಮಕ್ಕಳ ಮೇಲೆಯೂ ನಿಷೇಧಾಜ್ಞೆ ಹೊರಡಿಸಿ ಅಳತೆ ನಡೆಸುವ ಪದ್ಧತಿ ನಿಲ್ಲಬೇಕು.

1989ರಲ್ಲಿ ಶಿವರಾಮ ಕಾರಂತರು ಮುಪ್ಪಿನಲ್ಲಿಯೂ ಕೈಗಾದ ಅಣುಸ್ಥಾವರವನ್ನು ವಿರೋಧಿಸಿ ಆ ಜಿಲ್ಲೆಯಿಂದಲೇ ಲೋಕಸಭೆಗೆ ನಿಂತು ಸೋತರು. ಸೋಲುವೆನೆಂದು ತಿಳಿಯದಷ್ಟು ಮುಗ್ಧರಲ್ಲ ಅವರು. ಸಾಹಿತಿಗೆ ಊರಿನ ಸಂಕಟದಲ್ಲಿ ಪಾಲಿಲ್ಲವೆಂಬುದನ್ನು ಅವರು ಒಪ್ಪಲಿಲ್ಲ. ನಮ್ಮಿಂದ ಅಷ್ಟಾಗದಿದ್ದರೂ ಚಿಂತೆಯಿಲ್ಲ. ಮುಂದಿನ ಸಲ ಟೊಂಕದ ಸುದ್ದಿ ಬಂದಾಗ ಪತ್ರಿಕೆಯನ್ನು ಮಡಿಸುವ ಮುಂಚೆ, “ಇವರನ್ನು ಮೊದಲು ಯಾರಾದರೂ ಕೇಳಿದರೆ?” ಎಂದು ಮನೆಯಲ್ಲಿ ಒಬ್ಬರಾದರೂ ಗಟ್ಟಿಯಾಗಿ ಅನ್ನಲಿ. ಈ ಲೇಖನಕ್ಕೆ ಅಷ್ಟೇ ಸಾರ್ಥಕ್ಯ.