‘ಸಾಮಾನ್ಯ ನಷ್ಟ’ವೆಂಬ ಅಸತ್ಯ

ವೆಚ್ಚಲೆಕ್ಕಶಾಸ್ತ್ರದಲ್ಲಿ ನಷ್ಟವು ಎರಡು ವಿಧ. ದಾಸ್ತಾನಿನ ಕರ್ಪೂರ ಗಾಳಿಗೆ ಕರಗುವುದು ತಡೆಯಲಾಗದ ಸಂಗತಿ. ಅದು ‘ಸಾಮಾನ್ಯ ನಷ್ಟ’. ಅದರ ಬೆಲೆಯನ್ನು ಉಳಿದ ಸರಕಿನ ಮೇಲೆ ಹಂಚಬಹುದು. ತಡೆಯಬಹುದಾಗಿದ್ದೂ ತಡೆಯದೆ ಆದದ್ದು ‘ಅಸಾಮಾನ್ಯ ನಷ್ಟ’. ಅದು ಲಾಭ-ನಷ್ಟದ ಖಾತೆಗೆ ಸೇರುತ್ತದೆ, ಮಾಲೀಕನೇ ಅದಕ್ಕೆ ಉತ್ತರಿಸಬೇಕು. ಬಿ.ಕಾಂ. ತರಗತಿಯ ಈ ಪ್ರಾಥಮಿಕ ಪಾಠವನ್ನು ಇಲ್ಲಿ ಎತ್ತಲು ಕಾರಣ, ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಸಲೀಸಾಗಿ ಕೇಳಿಬರುವ ಮಾತು: “ಹೊಸ ಲೋಡಿನಲ್ಲಿ ಒಂದಿಷ್ಟು ಸಾಯುವುದು ಇದ್ದದ್ದೇ.” ಸತ್ತ ಗೋಲ್ಡ್‌ಫಿಷ್‌ಗಳ ಬೆಲೆಯನ್ನು ಬದುಕಿದವುಗಳ ಮೇಲೆ ಹೇರಿ ಲೆಕ್ಕ ಚುಕ್ತಾ ಆಯಿತೆಂದು ಭಾವಿಸುವ ಈ ಪದ್ಧತಿ ಲೆಕ್ಕಶಾಸ್ತ್ರಕ್ಕೂ ಸಲ್ಲದು, ಧರ್ಮಕ್ಕೂ ಸಲ್ಲದು.

ಆ ಸಾವು ಹೇಗೆ ಬರುತ್ತದೆಂಬುದನ್ನು ನೋಡೋಣ. ಚೆನ್ನೈನ ಕೊಳತ್ತೂರಿನಂತಹ ಕೇಂದ್ರಗಳಿಂದ ಮೀನುಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತವೆ. ಚೀಲದೊಳಗೆ ನೀರು ಸ್ವಲ್ಪ, ಆಮ್ಲಜನಕ ಹೆಚ್ಚು. ದಾರಿಯುದ್ದಕ್ಕೂ ಅವು ಕಿವಿರುಗಳಿಂದ ಅಮೋನಿಯಾ ವಿಸರ್ಜಿಸುತ್ತವೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಆ ನೀರನ್ನು ಆಮ್ಲೀಯವಾಗಿಸುವುದರಿಂದ ಅಮೋನಿಯಾದ ವಿಷ ಬಹುಮಟ್ಟಿಗೆ ಅಡಗಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹಾರಿಹೋಗಿ, ನೀರಿನ ಆಮ್ಲೀಯತೆ ತಗ್ಗಿ, ಅಡಗಿದ್ದ ವಿಷ ಎಚ್ಚೆತ್ತುಕೊಳ್ಳುತ್ತದೆ. ಆದಕಾರಣ ಮುಚ್ಚಿದ ಚೀಲವನ್ನೇ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ಉಷ್ಣತೆ ಸಮವಾದ ಮೇಲೆ ಬಿಚ್ಚಿ, ತಡಮಾಡದೆ ಮೀನನ್ನು ಮಾತ್ರ ಒಳಗೆ ಬಿಡಬೇಕು. ಚೀಲದ ನೀರನ್ನು ಹೊರಗೆ ಚೆಲ್ಲಬೇಕು. ಆದರೆ ಎಷ್ಟೋ ಕಡೆ ಚೀಲ ಬಿಚ್ಚಿಟ್ಟು ಗಿರಾಕಿಯೊಡನೆ ಮಾತಿಗೆ ನಿಲ್ಲುತ್ತಾರೆ, ಅನಂತರ ನೀರುಸಹಿತ ಸುರಿಯುತ್ತಾರೆ. ನಲ್ಲಿಯ ಕ್ಲೋರಿನ್ ಕಿವಿರನ್ನು ಸುಡುತ್ತದೆಂಬುದನ್ನೂ, ಅದನ್ನು ನೀಗಿಸುವ ಸೋಡಿಯಂ ಥಯೋಸಲ್ಫೇಟ್ ಎಷ್ಟು ಅಗ್ಗವೆಂಬುದನ್ನೂ ಬಲ್ಲವರೇ ಹೀಗೆ ಮಾಡುತ್ತಾರೆ.

“ಅದರ ಆಯುಷ್ಯ ಅಷ್ಟೇ ಇತ್ತು” ಎಂದು ನಮ್ಮವರೇ ಕೆಲವರು ಸಮಾಧಾನ ಹೇಳಿಕೊಳ್ಳುವುದುಂಟು. ಕರ್ಮಸಿದ್ಧಾಂತವನ್ನು ಇಷ್ಟು ಸೋವಿಯಾಗಿ ಮಾರಬಾರದು. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯಲ್ಲಿ, ಯಾರ ಆಯುಷ್ಯ ನಡುವೆ ಕುಗ್ಗದೆಂಬುದನ್ನು ಹೇಳಿದೆ. ದೇವ-ನಾರಕಿಗಳು, ಚರಮದೇಹಿಗಳು, ಅಸಂಖ್ಯಾತ ವರ್ಷ ಬಾಳುವವರು ಅಲ್ಲಿದ್ದಾರೆ. ತೊಟ್ಟಿಯ ಮೀನು ಆ ಪಟ್ಟಿಯಲ್ಲಿಲ್ಲ. ವಿಷಾದಿ ನಿಮಿತ್ತಗಳಿಂದ ಅದರ ಆಯುಷ್ಯ ಕುಗ್ಗಬಲ್ಲದು. ಆ ನಿಮಿತ್ತವನ್ನು ಒದಗಿಸಿದವನು ಆಯುಷ್ಯದ ಹೆಸರು ಹೇಳಿ ಪಾರಾಗಲಾರ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಬಹುಮಾನವಾಗಿ ಒಂದು ಮನೆ ಸೇರಿದ ‘ಟಿಶ್’ ಎಂಬ ಗೋಲ್ಡ್‌ಫಿಷ್ 43 ವರ್ಷ ಬಾಳಿ 1999ರಲ್ಲಿ ಸತ್ತಿತು. ಎಲ್ಲ ಮೀನೂ ಅಷ್ಟು ಬಾಳುವುದಿಲ್ಲ, ನಿಜ. ಆದರೆ ಮೂರು ದಿನ ಅದರ ಸಹಜ ಆಯುಷ್ಯವೂ ಅಲ್ಲ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ‘ಅತಿಭಾರಾರೋಪಣ’ವೂ ಒಂದು. ಎತ್ತಿನ ಬೆನ್ನಿಗೆ ಮಾತ್ರ ಅದು ಅನ್ವಯಿಸುವುದೆಂದು ತಿಳಿಯಬೇಕಿಲ್ಲ. ಅಮೋನಿಯಾವನ್ನು ಕರಗಿಸುವ ಸೂಕ್ಷ್ಮಾಣುಗಳು ಹೊಸ ಶೋಧಕದಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಿನ್ನೆ ಜೋಡಿಸಿದ ತೊಟ್ಟಿಗೆ ಇಂದು ನೂರು ಮೀನು ಸುರಿದರೆ ಅದು ಅತಿಭಾರವಲ್ಲದೆ ಮತ್ತೇನು? ‘ಅನ್ನಪಾನನಿರೋಧ’ದ ವಿಷಯದಲ್ಲಿ ಮಾತ್ರ ವಿವೇಕ ಬೇಕು. ಬಂದ ಮೊದಲ ದಿನ ಉಪವಾಸವೇ ಹಿತ. ಕನಿಕರದಿಂದ ಹಿಡಿ ಕಾಳು ಎರಚುವವನು ನೀರನ್ನು ಕೆಡಿಸುತ್ತಾನೆ. ಅಜ್ಞಾನದ ದಯೆಯೂ ಕೊಲ್ಲಬಲ್ಲದು.

ಇನ್ನು ರೋಗ. ಬಿಳಿಚುಕ್ಕೆ ರೋಗದ ಪರೋಪಜೀವಿ ಮೀನಿನ ಚರ್ಮದೊಳಗಿರುವಾಗ ಔಷಧಕ್ಕೆ ಸಿಕ್ಕುವುದಿಲ್ಲ. ನೀರಿನಲ್ಲಿ ಈಜುವ ಹಂತದಲ್ಲಷ್ಟೇ ಸಾಯುತ್ತದೆ. ಆದ್ದರಿಂದ ಒಂದು ದಿನದ ಔಷಧ ವ್ಯರ್ಥ. ಹೊಸ ಮೀನನ್ನು ಕನಿಷ್ಠ ಎರಡು ವಾರ ಬೇರೆ ಟಬ್ಬಿನಲ್ಲಿ, ಬೇರೆ ಬಲೆಯೊಡನೆ ಇಡಬೇಕು. ಒಂದು ಟಬ್ಬು, ಒಂದು ಸ್ಪಂಜಿನ ಶೋಧಕ, ಗಾಳಿಯ ಪಂಪು, ಕಲ್ಲುಪ್ಪು: ಇವು ಯಾವ ವ್ಯಾಪಾರಿಯನ್ನೂ ದಿವಾಳಿ ಎಬ್ಬಿಸವು. ಇದನ್ನು ತಪ್ಪಿಸಲೆಂದೇ ಬಂದ ದಿನವೇ ಮಾರುತ್ತಾರೆ. ಆಗ ಮೀನು ಸಾಯುವುದು ಅಂಗಡಿಯಲ್ಲಲ್ಲ, ಯಾವುದೋ ಮನೆಯ ಮಗುವಿನ ಕಣ್ಣೆದುರು. ವ್ಯಾಪಾರಿಯ ಪುಸ್ತಕದಲ್ಲಿ ಅದು ಲಾಭ!

ಜೀವಿಗಳ ವ್ಯಾಪಾರವೇ ಶ್ರಾವಕನಿಗೆ ವರ್ಜ್ಯವಲ್ಲವೇ ಎಂದು ಕೇಳುವವರಿದ್ದಾರೆ. ನನ್ನ ಮತವೂ ಅದೇ. ಆದರೆ ಅಂಗಡಿಗಳು ನಮ್ಮನ್ನು ಕೇಳಿ ತೆರೆದಿಲ್ಲ. ನಮ್ಮ ಹಜಾರಗಳಲ್ಲಿಯೂ ಗಾಜಿನ ತೊಟ್ಟಿಗಳಿವೆ. ಕಾನೂನನ್ನು ನಂಬೋಣವೆಂದರೆ, ಮೀನಿನ ಅಂಗಡಿಗಳಿಗೆಂದು 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ವ್ಯಾಪಾರಿಗಳ ವಿರೋಧಕ್ಕೆ ಗುರಿಯಾಗಿ ಕೆಲವೇ ತಿಂಗಳಲ್ಲಿ ಹಿಂತೆಗೆಯಲ್ಪಟ್ಟವು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ನಾಯಿ, ಬೆಕ್ಕು, ಮೊಲ, ಪಕ್ಷಿಗಳನ್ನು ಹೆಸರಿಸುತ್ತವೆ, ಮೀನನ್ನಲ್ಲ. ಹೀಗಾಗಿ ಉಳಿದಿರುವ ಅಂಕುಶ ಕೊಳ್ಳುವವನ ನಾಲಗೆಯೊಂದೇ. ಬೆಲೆ ಕೇಳುವ ಮೊದಲು, ಈ ಮೀನು ಬಂದು ಎಷ್ಟು ದಿನವಾಯಿತೆಂದು ಆತ ಕೇಳಲಿ. ಎರಡು ವಾರ ತುಂಬಿಲ್ಲವೆಂದರೆ ಮುಂಗಡ ಕೊಟ್ಟು, ಮೀನನ್ನು ಅಲ್ಲಿಯೇ ಬಿಟ್ಟು, ಅವಧಿ ಮುಗಿದ ಮೇಲೆ ಬರುವೆನೆಂದು ಹೇಳಿ ಹೊರಡಲಿ.