ನಾಯಿಯ ಮೊಣಕಾಲು, ನಮ್ಮ ಕೈ ತುತ್ತು

ನಮ್ಮ ವಿಜಯಪುರದಾಗ ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಸಾಕುವುದು ದೊಡ್ಡ ಮಾತಲ್ಲ. ತಿಕೋಟಾ, ಬಬಲೇಶ್ವರದ ತೋಟದ ಮನೆಗಳಲ್ಲೂ ಇವು ಕಾಣುತ್ತವೆ. ಮಕ್ಕಳು ಹಟ ಮಾಡಿ ತರಿಸುತ್ತಾರೆ, ಯಜಮಾನರು ಹೆಸರಿಡುತ್ತಾರೆ, ಕೂಳು ಹಾಕುವ ಕೆಲಸ ಮಾತ್ರ ನಮ್ಮ ಪಾಲಿಗೆ! ಅದಕ್ಕೇ ಈ ಸಲ ಅಡಿಗೆ ಬಿಟ್ಟು ನಾಯಿಯ ಮೊಣಕಾಲಿನ ವಿಚಾರ.

ಸೋದರಿಯರೇ, ನಿಮ್ಮ ನಾಯಿ ಕೂಡುವಾಗ ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚುತ್ತದೆಯೇ? ಮುಂಜಾನೆ ಏಳಲು ತಿಣುಕಿ, ನಾಲ್ಕು ಹೆಜ್ಜೆ ಕುಂಟಿ, ಆಮೇಲೆ ಸರಿಹೋಗುತ್ತದೆಯೇ? "ಮೈಗಳ್ಳ ಆಗೇತಿ" ಎಂದು ಸುಮ್ಮನಾಗಬೇಡಿರಿ. ಮೊಣಕಾಲಿನೊಳಗೆ ಮೇಲಿನ ಎಲುಬು, ಕೆಳಗಿನ ಎಲುಬು ಜಾರದಂತೆ ಹಿಡಿದ ನಾರಿನ ಕಟ್ಟು ಇರುತ್ತದೆ. ಆಟಗಾರರಿಗೆ ಅದು ಒಮ್ಮೆಲೇ ಹರಿಯುವುದುಂಟು. ನಾಯಿಗೆ ಸಾಮಾನ್ಯವಾಗಿ ಹಾಗಲ್ಲ. ಬಾವಿಯ ಹಗ್ಗದಂತೆ ತಿಂಗಳುಗಟ್ಟಲೆ ಎಳೆ ಎಳೆಯಾಗಿ ಸವೆದು, ಒಂದು ದಿನ ಸಣ್ಣ ಜಿಗಿತಕ್ಕೇ ಕಡಿಯುತ್ತದೆ. ಅವತ್ತು ಚೆಂಡು ಎಸೆದ ಹುಡುಗನನ್ನು ಬೈದು ಫಲವೇನು? ಒಂದು ಕಾಲು ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಾಲಿಗೂ ಇದೇ ಗತಿ.

ಲ್ಯಾಬ್ರಡಾರ್, ರಾಟ್‌ವೀಲರ್‌ಗಳಿಗೆ ಈ ಭಯ ಹುಟ್ಟಿನಿಂದಲೇ ಹೆಚ್ಚು. ವರ್ಷ ತುಂಬುವ ಮೊದಲೇ ಸಂತಾನಹರಣ ಮಾಡಿಸಿದರೂ ಹೆಚ್ಚುತ್ತದೆ. ಯಾವಾಗ ಮಾಡಿಸಬೇಕೆಂದು ಡಾಕ್ಟರನ್ನೇ ಕೇಳಿರಿ. ಜಾತಿಯನ್ನಂತೂ ಬದಲಿಸಲಾಗದು. ನಮ್ಮ ಕೈಯಲ್ಲಿರುವುದು ತೂಕ.

ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ನೆನೆಯಿರಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಅದು. ಸಣ್ಣ ನಡು, ಎಣಿಸಬಹುದಾದ ಪಕ್ಕೆಲುಬು. "ಪಾಪ, ಕೂಳು ಹಾಕಿಲ್ಲೇನ್ರಿ?" ಅಂತ ಕೇಳುವವರೂ ಇದ್ದಾರೆ! ಅದರ ಮೈಕಟ್ಟೇ ಹಾಗೆ. ಅದೇ ಮೈಕಟ್ಟಿನ ಗ್ರೇಹೌಂಡಿಗೆ ಈ ಮೊಣಕಾಲಿನ ರೋಗ ಅಪರೂಪ. ಲ್ಯಾಬ್ರಡಾರ್ ಅಷ್ಟು ತೆಳ್ಳಗಿರಬೇಕಿಲ್ಲ, ಆದರೆ ಮೈ ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ನಡು ಕಾಣಬೇಕು.

ಅಮೇರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಜೋಡಿಯಲ್ಲೊಂದಕ್ಕೆ ಕಾಲುಪಾಲು ಕಡಿಮೆ ಉಣಿಸಿ ಸಾಕಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಕಡಿಮೆ ಉಂಡವಕ್ಕೆ ಕೀಲುಬೇನೆ ತಡವಾಗಿ ಬಂತು, ಆಯುಷ್ಯವೂ ಸುಮಾರು ಎರಡು ವರ್ಷ ಹೆಚ್ಚಾಯಿತು. ಆ ಲ್ಯಾಬ್ರಡಾರ್ ಕಣ್ಣು ನೋಡಿ ಕರಗಬೇಡಿರಿ. ಕೆಲವಕ್ಕೆ ಹಸಿವು ಹೆಚ್ಚಿಸುವ ದೋಷ ವಂಶದಲ್ಲೇ ಇರುತ್ತದೆಂದು 2016ರಲ್ಲಿ ಪತ್ತೆಯಾಗಿದೆ. ತುಪ್ಪ ಸವರಿದ ರೊಟ್ಟಿ, ಬಿಸ್ಕಿಟು, ಉಳಿದ ಹೋಳಿಗೆ ನಿಲ್ಲಿಸಿರಿ. ನಮ್ಮೂರ ಒಣದ್ರಾಕ್ಷಿ ಮಾತ್ರ ಒಂದೂ ಬೇಡ, ಅದು ನಾಯಿಯ ಮೂತ್ರಪಿಂಡಕ್ಕೇ ಕೇಡು.

ನುಣುಪು ಟೈಲ್ಸ್ ಮೇಲೆ ಗೋಣಿತಟ್ಟು ಹಾಸಿರಿ, ಕಾಲು ಜಾರುವುದಿಲ್ಲ. ಎಲುಬು ಗಟ್ಟಿಯಾಗಲೆಂದು ಮರಿಗೆ ಕೇಳದೆ ಕ್ಯಾಲ್ಸಿಯಂ ಕೊಡಬೇಡಿರಿ. ದೊಡ್ಡ ಜಾತಿಯ ಮರಿಗೆ ಅದು ಹೆಚ್ಚಾದರೆ ಎಲುಬಿನ ಬೆಳವಣಿಗೆಯೇ ಕೆಡುತ್ತದೆ. ಕುಂಟು ಎರಡು ದಿನ ಮೀರಿದರೆ ಪಶುವೈದ್ಯರಿಗೆ ತೋರಿಸಿರಿ. ಕಟ್ಟು ಪೂರ್ತಿ ಹರಿದ ಭಾರಿ ನಾಯಿಗೆ ಹೆಚ್ಚಾಗಿ ಶಸ್ತ್ರಕ್ರಿಯೆಯೇ ಬೇಕಾಗುತ್ತದೆ. ಅಲ್ಲಿಯತನಕ ಮೆಟ್ಟಿಲು ಬೇಡ, ಓಟ ಬೇಡ. ಮನೆಯ ಡಬ್ಬಿಯಲ್ಲಿರುವ ನಮ್ಮ ನೋವಿನ ಗುಳಿಗೆಯನ್ನಂತೂ ಕೊಡಲೇಬೇಡಿರಿ, ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ.