ಹಕ್ಕಿಗೆ ಪ್ಯಾಕೆಟ್ ಕಾಳು ಬೇಡ, ಬೇಲಿ ಉಳಿಸಿ

ಮಾರ್ಚ್ 20 ಬಂತು ಅಂದ್ರೆ ಸಾಕು, ಫೋನ್ ತುಂಬಾ ಗುಬ್ಬಚ್ಚಿ. ಪ್ಲಾಸ್ಟಿಕ್ ಬಾಟ್ಲಿ ಕೊಯ್ದು, ಎರಡು ಚಮಚ ಸಿಕ್ಕಿಸಿ, ಅಕ್ಕಿ ತುಂಬಿ ತೂಗುಹಾಕಿದ ಫೋಟೊಗಳು. ಪಟ್ಟಣದಲ್ಲಿ ಈಗ ಹಕ್ಕಿ ಕಾಳು ಅಂತಲೇ ಪ್ಯಾಕೆಟ್ ಸಿಗ್ತದೆ. "ತೋಟಕ್ಕೆ ಹಕ್ಕಿ ಬರಬೇಕು, ಯಾವ ಕಾಳು ಹಾಕಲಿ ಅಣ್ಣಾ?" ಅಂತ ನನ್ನನ್ನೂ ಬಹಳ ಜನ ಕೇಳ್ತಾರೆ. ಬೇಜಾರಾದರೂ ಸರಿ, ನೇರವಾಗಿ ಹೇಳ್ತೀನಿ. ಯಾವ ಕಾಳೂ ಬೇಡ. ಕಾಳು ಚೆಲ್ಲೋದು ನಮ್ಮ ಸಮಾಧಾನಕ್ಕೆ, ಹಕ್ಕಿ ಹೊಟ್ಟೆಗಲ್ಲ.

ನಮ್ಮ ಬಯಲುಸೀಮೆ ಹೊಲದಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿ. ಕಾಜಾಣ, ನೀಲಕಂಠ, ಮಡಿವಾಳ, ಟುವ್ವಿಹಕ್ಕಿ ಇವು ಹುಳ ಹಿಡಿಯೋವು. ಪಿಕಳಾರ, ಕುಟ್ರಹಕ್ಕಿ, ಕೋಗಿಲೆ ಹಣ್ಣಿಗೆ ಬರೋವು. ಸೂರಕ್ಕಿ ಹೂವಿನ ರಸಕ್ಕೆ. ಇವುಗಳ ಮುಂದೆ ಒಂದು ಮೂಟೆ ನವಣೆ ಸುರಿದರೂ ತಿರುಗಿ ನೋಡಲ್ಲ. ಕಾಳು ಮುಟ್ಟೋವು ಗುಬ್ಬಿ, ಗೀಜಗ, ರಾಟವಾಳ, ಗಿಳಿ, ಬೆಳವ, ಪಾರಿವಾಳ. ಇವುಗಳಲ್ಲೂ ಗುಬ್ಬಿ, ಗೀಜಗ ಮರಿಗೆ ಕಾಳು ಕೊಡಲ್ಲ. ಗೂಡಿನಲ್ಲಿ ಕಣ್ಣು ಬಿಡದ ಮರಿಗೆ ತಾಯಿ ತರೋದು ಮೆತ್ತನೆ ಹುಳ, ಕಂಬಳಿಹುಳ, ಹೇನು. ಹುಳ ಇಲ್ಲದ ಜಾಗದಲ್ಲಿ ಅಕ್ಕಿ ರಾಶಿ ಇದ್ದರೂ ಗುಬ್ಬಿ ಸಂಸಾರ ನಡೆಯಲ್ಲ.

ಪಾರಿವಾಳದ ಕಥೆ ಬೇರೆ. ಅದರ ಗಂಡು ಹೆಣ್ಣು ಎರಡೂ ತಮ್ಮ ಗಂಟಲ ಚೀಲದಲ್ಲಿ ಒಂಥರಾ ಹಾಲು ಮಾಡಿ ಮರಿಗೆ ಉಣಿಸ್ತಾವೆ. ಅದಕ್ಕೆ ಹುಳ ಬೇಕಿಲ್ಲ, ಬರೀ ಕಾಳಿನ ಮೇಲೇ ವರ್ಷಕ್ಕೆ ಹಲವು ಸಲ ಮರಿ ಮಾಡ್ತದೆ. ಗೂಡಿಗೆ ಮರ ಬೇಕಿಲ್ಲ, ಸಿಮೆಂಟ್ ಕಟ್ಟಡದ ಸಂದು ಸಾಕು. ಈಗ ಯೋಚನೆ ಮಾಡಿ, ಊರೆಲ್ಲ ಜೋಳ ಚೆಲ್ಲಿದರೆ ಹೆಚ್ಚಾಗೋದು ಯಾರು? 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ಬಗ್ಗೆ ಬಂದ ವರದಿಯಲ್ಲೂ ಪಾರಿವಾಳ ಏರಿಕೆಯಲ್ಲಿರೋ ಪಟ್ಟಿಯಲ್ಲೇ ಐತೆ. ಬೆಂಗಳೂರಲ್ಲಿ ಒಂದು ಕೈಯಲ್ಲಿ ಪಾರಿವಾಳಕ್ಕೆ ಕಾಳು ಎಸೀತಾರೆ, ಇನ್ನೊಂದು ಕೈಯಲ್ಲಿ ಬಾಲ್ಕನಿಗೆ ಬಲೆ ಕಟ್ಟಿಸ್ತಾರೆ. ಅದರ ಹಿಕ್ಕೆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು ಅಂತ ಡಾಕ್ಟರುಗಳು ಹೇಳ್ತಾನೇ ಇದ್ದಾರೆ. ಪುಣ್ಯ ಯಾರಿಗೆ ಬಂತೋ ಗೊತ್ತಿಲ್ಲ, ಬಲೆ ಕಟ್ಟೋರಿಗೆ ಮಾತ್ರ ಕೆಲಸ ಸಿಕ್ತು.

ಇನ್ನು ಹಾಕೋ ತಿಂಡಿ ನೋಡಿ. ಬ್ರೆಡ್ಡು, ಮಿಕ್ಸ್ಚರು, ಚಿಪ್ಸು. ಬ್ರೆಡ್ಡಲ್ಲಿ ಹೊಟ್ಟೆ ತುಂಬ್ತದೆ, ಸತ್ವ ಇಲ್ಲ. ಉಪ್ಪಿನದ್ದು ಹಕ್ಕಿಗೆ ಆಗಲ್ಲ. ಬೂಷ್ಟು ಹಿಡಿದ ಕಡ್ಲೇಕಾಯಿ, ಮುಸುಕಿನ ಜೋಳ ನಾವು ತಿನ್ನಲ್ಲ ಅಂತ ಹಕ್ಕಿಗೆ ಹಾಕೋರಿದ್ದಾರೆ. ಆ ಬೂಷ್ಟಲ್ಲಿ ವಿಷ ಇರ್ತದೆ, ದನಕ್ಕೂ ಹಾಕಬಾರದು. ತೊಳೆಯದ ತಟ್ಟೆಯಲ್ಲಿ ಹತ್ತಾರು ಹಕ್ಕಿ ಒಂದೇ ಕಡೆ ಮುತ್ತಿದರೆ ರೋಗವೂ ಹಂಚಿಕೆ ಆಗ್ತದೆ. ಬ್ರಿಟನ್ನಿನಲ್ಲಿ ಮನೆಮನೆಗೂ ಕಾಳಿನ ಡಬ್ಬಿ ತೂಗುಹಾಕ್ತಾರೆ. ಅಲ್ಲಿ 2005ರಿಂದ ಗಂಟಲ ರೋಗ ಹಬ್ಬಿ ಗ್ರೀನ್‌ಫಿಂಚ್ ಅನ್ನೋ ಹಕ್ಕಿ ಅರ್ಧಕ್ಕಿಂತ ಹೆಚ್ಚು ಕಮ್ಮಿ ಆಯ್ತು. ಆ ರೋಗ ಹರಡಿದ್ದರಲ್ಲಿ ಕಾಳಿನ ಡಬ್ಬಿಗಳ ಪಾಲೂ ಇತ್ತು.

ನಮ್ಮ ರೈತರಿಗೂ ಒಂದು ಮಾತು. ಬಿತ್ತನೆ ಮುಗಿದ ಮೇಲೆ ಚೀಲದಲ್ಲಿ ಉಳಿದ ಕೆಂಪು, ಹಸಿರು ಬಣ್ಣದ ಬೀಜವನ್ನ "ಹಕ್ಕಿ ತಿನ್ಕೊಳ್ಲಿ" ಅಂತ ಬದುವಿಗೆ ಸುರೀತೀರಲ್ಲ, ಆ ಬಣ್ಣ ಅಲಂಕಾರಕ್ಕೆ ಹಚ್ಚಿದ್ದಲ್ಲ, ವಿಷ ಲೇಪಿಸಿದೆ ಅನ್ನೋದಕ್ಕೆ ಗುರುತು. ಹಳ್ಳ ತೋಡಿ ಆಳಕ್ಕೆ ಮುಚ್ಚಿ.

ಹಾಗಾದ್ರೆ ಏನು ಮಾಡಬೇಕು? ಗಿಡ ಹಾಕಿ. ಅದೇ ಬಡಿಸಿಟ್ಟ ಎಲೆ. ಮಾಘ ಫಾಲ್ಗುಣದಲ್ಲಿ ಹಾಲವಾಣ, ಬೂರುಗ, ಮುತ್ತುಗ ಹೂ ಬಿಡ್ತಾವೆ, ಸೂರಕ್ಕಿಯಿಂದ ಹಿಡಿದು ಗೊರವಂಕದವರೆಗೆ ಎಲ್ಲಾ ರಸ ಕುಡಿಯಕ್ಕೆ ಬರ್ತಾವೆ. ಮುಂಗಾರು ಶುರುವಾಗೋ ಹೊತ್ತಿಗೆ ಬೇವು ಹಣ್ಣಾಗ್ತದೆ, ಹಿಂದೇನೇ ನೇರಳೆ. ಆಲ, ಅತ್ತಿ, ಬಸರಿ, ಗೋಣಿ ಎಲ್ಲಾ ಒಂದೇ ಸಲ ಹಣ್ಣು ಬಿಡಲ್ಲ, ಒಂದು ಮರ ಮುಗಿಸಿದಾಗ ಇನ್ನೊಂದು ಶುರು ಮಾಡ್ತದೆ. ಅದಕ್ಕೇ ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಹಕ್ಕಿ ಬದುಕೋದು. ಅತ್ತಿ ಹಣ್ಣೊಳಗೆ ಹುಳ ಅಂತ ನಾವು ಮೂಗು ಮುರೀತೀವಿ, ಕುಟ್ರಹಕ್ಕಿಗೆ ಅದೇ ಹಬ್ಬದೂಟ. ಜಾಗ ಕಮ್ಮಿ ಇದ್ದೋರು ದಾಸವಾಳ, ಕರಿಬೇವು, ಎರಡು ಬಾಳೆ ಹಾಕಿ. ಬಾಳೆ ಮೂತಿಗೆ ಸೂರಕ್ಕಿ ಬಂದೇ ಬರ್ತದೆ. ಬೇಗ ಹಣ್ಣು ಬೇಕು ಅಂದ್ರೆ ಗಸಗಸೆ ಹಣ್ಣಿನ ಮರ. ಅದು ಹೊರದೇಶದ್ದು, ಒಂದು ಸಾಕು, ಸಾಲು ಸಾಲು ನೆಡಬೇಡಿ.

ಮರಕ್ಕಿಂತ ಮೊದಲು ಬೇಲಿ. ಕಾರೆ, ಎಲಚಿ, ತಂಗಡಿ, ಲಕ್ಕಿ, ಕತ್ತಾಳೆ ಬೆಳೆದ ಹಳೇ ಬೇಲಿಯಲ್ಲಿ ಹಣ್ಣೂ ಐತೆ, ಹುಳವೂ ಐತೆ, ಮುಳ್ಳಿನ ಮರೆಯಲ್ಲಿ ಗೂಡಿಗೆ ಜಾಗವೂ ಐತೆ. ನಮ್ಮ ಸುತ್ತಮುತ್ತ ಇದನ್ನ ಜೆಸಿಬಿ ತಂದು ಬೇರು ಸಮೇತ ಕಿತ್ತು, ಕಲ್ಲುಕಂಬ ನೆಟ್ಟು ತಂತಿ ಎಳೀತಾ ಇದ್ದಾರೆ. ಒಂದು ಗಂಟೆ ಸಾಕು, ತಾತನ ಕಾಲದ ಬೇಲಿ ನೆಲಸಮ. ಆಮೇಲೆ ಅದೇ ತಂತಿಗೆ ಬಾಟ್ಲಿ ಕಟ್ಟಿ ಅಕ್ಕಿ ಹಾಕ್ತಾರೆ! ಮನೆ ಕೆಡವಿ, ಬೀದಿಯಲ್ಲಿ ನಿಲ್ಲಿಸಿ, ಊಟಕ್ಕೆ ಕರೆದಂಗಾಯ್ತು.

"ನೀವು ರೈತರು ತಮಟೆ ಬಡಿದು, ಕವಣೆ ಬೀಸಿ ಹಕ್ಕಿ ಓಡಿಸೋರು, ನಮಗೆ ಬುದ್ಧಿ ಹೇಳ್ತೀರಾ?" ಅಂತ ಕೇಳೋರಿಗೆ ಉತ್ತರ ಕೊಡಲೇಬೇಕು. ಹೌದು, ಓಡಿಸ್ತೀವಿ. ಸಜ್ಜೆ, ಸೂರ್ಯಕಾಂತಿ ಹಾಲುಗಾಳಾದಾಗ ಗಿಳಿ ಹಿಂಡು ಇಳಿದರೆ ಸುಮ್ಮನೆ ಕೂರೋಕಾಗಲ್ಲ. ಆದ್ರೆ ಓಡಿಸಿದ ಹಕ್ಕಿಗೆ ಬೇರೆ ಕಡೆ ಪಾಲು ಇಡೋದೂ ಬೇಸಾಯದಲ್ಲೇ ಇತ್ತು. ರಾಗಿ ಹೊಲದ ಅಕ್ಕಡಿ ಸಾಲು ಅಂದ್ರೆ ಅದೇ. ಜೋಳ, ಅವರೆ, ಸಾಸಿವೆ, ಹುಚ್ಚೆಳ್ಳು. ಜೋಳದ ತೆನೆ ಹಕ್ಕಿಗೆ ಊಟವೂ ಹೌದು, ಕೂತು ಹುಳ ನೋಡೋಕೆ ಕಂಬವೂ ಹೌದು. ತೊಗರಿ, ಕಡಲೆ ಬೆಳೆಯೋ ಉತ್ತರದ ಜಿಲ್ಲೆಗಳಲ್ಲಿ ಹೊಲದಲ್ಲಿ ಅಲ್ಲಲ್ಲಿ ಕವಲು ಕಡ್ಡಿ ನಿಲ್ಲಿಸಿ, ಸಾಲಿನ ಮಧ್ಯೆ ಚುರುಮುರಿ ಎರಚ್ತಾರೆ. ಚುರುಮುರಿಗೆ ಬಂದ ಹಕ್ಕಿ ಕಾಯಿಕೊರಕ ಹುಳ ಆರಿಸಿ ತಿಂತದೆ. ಅಲ್ಲಿ ಚುರುಮುರಿ ಬರೀ ಕರೆಯೋಲೆ, ಊಟ ಹುಳದ್ದು. ಕಾಳು ಹಾಕೋದೇ ಆದರೆ ಹಿಂಗೆ ಹಾಕಿ, ಅದಕ್ಕೊಂದು ಅರ್ಥ ಐತೆ.

ತಮಾಷೆ ನೋಡಿ, ನಾವು ಅಕ್ಕಡಿಯಿಂದ ಕೈಬಿಡ್ತಾ ಇರೋ ಇದೇ ಹುಚ್ಚೆಳ್ಳನ್ನ ಅಮೆರಿಕದೋರು ನಮ್ಮ ದೇಶದಿಂದಲೂ ಇಥಿಯೋಪಿಯದಿಂದಲೂ ತರಿಸಿ, ಮೊಳಕೆ ಬರದಂತೆ ಬಿಸಿ ಮಾಡಿ, ಅವರ ಹಿತ್ತಲ ಹಕ್ಕಿಗೆ ಹಾಕ್ತಾರೆ. ನಾವು ದುಡ್ಡು ಕೊಟ್ಟು ಪ್ಯಾಕೆಟ್ ತರ್ತೀವಿ.

"ಬೇಸಿಗೇಲಿ ಪಾಪ ಅಲ್ವಾ?" ಅಂತೀರಿ. ಬೇಸಿಗೇಲಿ ನೀರಿಡಿ, ಖಂಡಿತ ಇಡಿ. ಅಗಲವಾದ ಮಣ್ಣಿನ ತಟ್ಟೆ, ಎರಡು ಬೆರಳು ನೀರು, ಮಧ್ಯೆ ಒಂದು ಕಲ್ಲು. ದಿನಾ ಉಜ್ಜಿ ತೊಳೆದು ಬದಲಾಯಿಸಿ, ಇಲ್ಲಾಂದ್ರೆ ಸೊಳ್ಳೆ ಸಾಕಿದಂಗೆ.

ಕೊನೇದಾಗಿ ಹುಳದ ಮಾತು. ಎಲೆ ಮೇಲೆ ಒಂದು ತೂತು ಕಂಡ ತಕ್ಷಣ ಔಷಧಿ ಕ್ಯಾನು ಹೆಗಲಿಗೆ ಹಾಕ್ಕೋಬೇಡಿ. ನಿಂಬೆ ಗಿಡದಲ್ಲಿ ನಾಲ್ಕು ಹುಳ ಇದ್ರೆ ಇರಲಿ, ಅವು ಟುವ್ವಿಹಕ್ಕಿ ಮರಿಯ ಬೆಳಗಿನ ಊಟ. ಕಸ ಅಂತ ಗುಡಿಸಿ ಸುಡೋ ತರಗೆಲೆ ಗಿಡದ ಬುಡದಲ್ಲೇ ಬಿದ್ದಿರಲಿ, ಹರಟೆಮಲ್ಲ ಬಂದು ಕೆದಕಿ ತಿಂತದೆ. ಈ ಮುಂಗಾರಿಗೆ ಮುಂಚೆ ಯಾರಾದ್ರೂ ನಿಮ್ಮ ಬೇಲಿ ಕೀಳೋಕೆ ಜೆಸಿಬಿ ತರ್ತೀನಿ ಅಂದ್ರೆ, ಒಂದು ಸಾಲಾದ್ರೂ ಬಿಡು ಅನ್ನಿ. ಒಂದೇ ಒಂದು ಸಾಲು.